ಒಂಟಿ ಸೀನಿಗೆ ನಿಂತ ಓಟ

ದೆಹಲಿಯ ಚಳಿಗಾಲದಲ್ಲಿ ಮ್ಯಾರಥಾನ್‌ಗೆ ತಯಾರಿ ನಡೆಸುವವರಿಗೆ ಏನೇನು ಅಡ್ಡಿ ಬರಬಹುದೆಂದು ನಮ್ಮ ಓಟದ ಗುಂಪಿನವರು ಮೊದಲೇ ಎಚ್ಚರಿಸಿದ್ದರು. ಮಂಜು, ಹೊಗೆ, ಬೀದಿನಾಯಿ, ಮಂಡಿನೋವು, ಬೆಳಗ್ಗೆ ರಜಾಯಿ ಬಿಟ್ಟು ಏಳಲಾರದ ಸೋಮಾರಿತನ. ಅತ್ತೆಯ ಮೂಗಿನ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾವಿರುವುದು ದ್ವಾರಕಾದ ಒಂದು ಹೌಸಿಂಗ್ ಸೊಸೈಟಿಯ ನಾಲ್ಕನೆಯ ಮಹಡಿಯಲ್ಲಿ. ನಾನು, ನನ್ನ ಗಂಡ, ಎಂಟನೆಯ ಕ್ಲಾಸಿನ ಮಗಳು. ಆ ವರ್ಷ ದಸರಾ ಮುಗಿಸಿಕೊಂಡು ಮೈಸೂರಿನಿಂದ ಅತ್ತೆಯೂ ಬಂದು ಸೇರಿಕೊಂಡರು. ನಾನು ಗುರುಗ್ರಾಮದ ಆಫೀಸಿಗೆ ಹೋಗಿಬಂದು, ಉಳಿದ ಹೊತ್ತಿನಲ್ಲಿ ಫೆಬ್ರವರಿಯ ಮ್ಯಾರಥಾನ್‌ಗೆಂದು ಓಡುತ್ತಿದ್ದೆ.

ನಲವತ್ತು ದಾಟಿದ ಮೇಲೆ ಈ ಹುಚ್ಚು ಯಾಕೆ ಎಂದು ಕೇಳಿದವರಿಗೆಲ್ಲ ಆರೋಗ್ಯಕ್ಕೆ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಿಜವಾದ ಕಾರಣ ಬೇರೆ. ಯಾವುದೇ ಕೆಲಸವನ್ನು ನಡುವೆ ಯಾರೂ ಕರೆಯದೆ ಮುಗಿಸಿದ ನೆನಪು ನನಗಿಲ್ಲ. ಚಪಾತಿ ಲಟ್ಟಿಸುವಾಗ ಮೀಟಿಂಗು, ಮೀಟಿಂಗಿನ ನಡುವೆ ಸ್ಕೂಲಿನ ಫೋನು, ಫೋನಿನ ನಡುವೆ ಕೊರಿಯರಿನವನ ಕಾಲಿಂಗ್ ಬೆಲ್ಲು. ಶುರು ಮಾಡಿದ್ದನ್ನು ಒಂದೇ ಒಂದು ಸಲ ಕೊನೆಯವರೆಗೆ, ನನ್ನ ಕಾಲಿನ ಮೇಲೆಯೇ ಮುಗಿಸಬೇಕೆಂಬ ಆಸೆ. ನಲವತ್ತೆರಡು ಕಿಲೋಮೀಟರ್. ನಡುವೆ ಯಾರೂ ಕರೆಯಬಾರದು.

ಅತ್ತೆ ಬಂದ ಮಾರನೆಯ ಬೆಳಗ್ಗೆ ನಾನು ಶೂ ಹಾಕಿಕೊಂಡು ಬಾಗಿಲು ತೆಗೆದೆ. ಕಳಿಸಿಕೊಡಲೆಂದು ಶಾಲು ಹೊದ್ದು ಬಾಗಿಲವರೆಗೆ ಬಂದಿದ್ದ ಅತ್ತೆ ಒಂದು ಸಲ ಸೀನಿದರು.

“ಅಯ್ಯೋ, ಒಂಟಿ ಸೀನು! ಬಾ ಒಳಗೆ. ಕೂತ್ಕೊ.”

ಹೊರಟವರಿಗೆ ಒಂಟಿ ಸೀನು ಎದುರಾದರೆ ಒಳಗೆ ಬಂದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಹೊರಡಬೇಕೆನ್ನುವುದು ನನಗೇನೂ ಹೊಸದಲ್ಲ. ನನ್ನ ತವರಿನಲ್ಲೂ ಇತ್ತು. ಎರಡು ಸೀನು ಬಂದರೆ ಚಿಂತೆಯಿಲ್ಲ, ಒಂದು ಮಾತ್ರ ಆಗದು. ಯಾವಾಗಲೋ ಊರಿಗೆ ಹೊರಟಾಗ ಹೀಗಾದರೆ ಒಂದು ಲೋಟ ನೀರಿನ ಮಾತು. ಆದರೆ ಅತ್ತೆಯ ಮೂಗಿಗೆ ದೆಹಲಿಯ ಹವೆ ಆಗಿಬರುತ್ತಿರಲಿಲ್ಲ. ನಾನು ಬಾಗಿಲು ತೆಗೆಯುತ್ತಿದ್ದೆ, ಹೊಗೆ ಬೆರೆತ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿತ್ತು, ಅತ್ತೆ ಸೀನುತ್ತಿದ್ದರು, ನಾನು ಕೂರುತ್ತಿದ್ದೆ. ದಿನವೂ ಇದೇ ಕಥೆ. ಬಾಗಿಲು ತೆಗೆಯದೆ ಹೊರಗೆ ಹೋಗುವ ವಿದ್ಯೆ ನನಗೆ ಗೊತ್ತಿರಲಿಲ್ಲ.

“ನೀವು ಮಲಗಿರಿ ಅತ್ತೆ, ನಾನೇ ಬಾಗಿಲು ಎಳೆದುಕೊಂಡು ಹೋಗ್ತೀನಿ” ಎಂದು ಹೇಳಿ ನೋಡಿದೆ.

“ಮನೆ ಹೆಣ್ಣುಮಗಳು ಕತ್ತಲೆಯಲ್ಲಿ ಹೊರಗೆ ಹೋಗೋವಾಗ ಬಾಗಿಲಲ್ಲಿ ಒಬ್ಬರು ನಿಲ್ಲದೆ ಇದ್ದರೆ ಹೇಗೆ?” ಎಂದರು. ಕಳ್ಳಹೆಜ್ಜೆ ಇಟ್ಟುಕೊಂಡೂ ಹೋಗಿ ನೋಡಿದೆ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಹಿಂದೆ ಶಾಲು ನಿಂತಿರುತ್ತಿತ್ತು.

ಮನೆಯವರೆಲ್ಲ ಸೇರಿ ಉಪಾಯ ಹುಡುಕಿದರು. ನನ್ನ ಗಂಡ ಗಾಳಿ ಶುದ್ಧಮಾಡುವ ಯಂತ್ರವನ್ನು ತಂದು ಬಾಗಿಲ ಬಳಿ ಇಟ್ಟರು. ನಾನು ಬಾಗಿಲು ತೆಗೆದ ಕೂಡಲೇ ಅದು ಕೆಂಪು ದೀಪ ಹೊತ್ತಿಸಿಕೊಂಡು ಬುಸುಗುಡುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೂ ಹಾಗೆಯೇ ಮಾಡುತ್ತಿತ್ತು. “ಇಂಗು ತಡೆಯದ ಮಿಷನ್ನು ಕಣೋ ಇದು, ಇದನ್ನು ನಂಬಿಕೊಂಡು ಇವಳನ್ನ ಕಳಿಸ್ಲಾ?” ಎಂದು ಮಗನನ್ನು ಕೇಳಿದರು. ನನ್ನ ಗಂಡ ಯಂತ್ರವನ್ನು ಎತ್ತಿಕೊಂಡು ಹೋಗಿ ಮೊದಲಿದ್ದ ಜಾಗದಲ್ಲೇ ಇಟ್ಟರು.

ಮಗಳು ವಿಜ್ಞಾನ ಹೇಳಲು ಹೋದಳು. “ಅಜ್ಜೀ, ಇದು ಅಪಶಕುನ ಅಲ್ಲ ಯಾರ್, ಪೊಲ್ಯೂಷನ್!”

“ಆಗಲಿ ಪುಟ್ಟೀ, ಪೊಲ್ಯೂಷನ್ನಿಗೇ ಸ್ವಲ್ಪ ಹೊತ್ತು ಕೂತಿರಲಿ ನಿಮ್ಮಮ್ಮ. ಒಳ್ಳೇದೇ ಅಲ್ವಾ?” ಎಂದರು ಅತ್ತೆ. ಮಗಳ ವಿಜ್ಞಾನ ಅಲ್ಲಿಗೆ ಮುಗಿಯಿತು.

ಮಾಸ್ಕ್ ತಂದುಕೊಟ್ಟೆವು. ಅತ್ತೆ ಬೇಡವೆನ್ನದೆ ಹಾಕಿಕೊಂಡು ಬಂದು ನಿಂತು, ಅದರೊಳಗೇ ಸೀನಿದರು. ಮಾಸ್ಕಿನೊಳಗಿನ ಸೀನು ಲೆಕ್ಕಕ್ಕುಂಟೋ ಇಲ್ಲವೋ ಎಂದು ದೊಡ್ಡ ಚರ್ಚೆಯಾಯಿತು. “ಮುಖ ಮುಚ್ಚಿಕೊಂಡು ಸೀನಿದರೂ ಸೀನಿದ್ದು ನಾನೇ ತಾನೆ?” ಎಂದು ಅತ್ತೆ ತೀರ್ಪು ಕೊಟ್ಟರು. ನಾನು ಕೂತೆ.

ಹಾಗೆಂದು ಅವರೇನೂ ಹಟಮಾರಿಯಲ್ಲ. ನನಗೆ ತಡವಾಗುತ್ತದೆಂದು ಅವರಿಗೂ ಸಂಕಟವೇ. ಮೊದಲ ಸೀನಿಗೆ ಇನ್ನೊಂದನ್ನು ಜೊತೆ ಮಾಡಿದರೆ ದೋಷ ಕಳೆಯುತ್ತದಲ್ಲ, ಅದಕ್ಕಾಗಿ ಬಹಳ ಶ್ರಮಪಡುತ್ತಿದ್ದರು. “ಇರು, ಇರು, ಬರ್ತಾ ಇದೆ” ಎಂದು ಟ್ಯೂಬ್‌ಲೈಟಿನ ಕಡೆ ಮುಖ ಎತ್ತಿ, ಬಾಯಿ ತೆರೆದು ನಿಲ್ಲುತ್ತಿದ್ದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳಂತೆ ಅವರ ಮೂಗನ್ನೇ ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಮೆಣಸಿನ ಪುಡಿಯ ಡಬ್ಬಿಯನ್ನೇ ಮೂಗಿಗೆ ಹಿಡಿದುಕೊಂಡರು. ಒಟ್ಟು ಐದು ಸೀನು ಬಂತು. ಐದು ಬೆಸವಲ್ಲವೇ ಎಂಬ ಅನುಮಾನ ಅವರಿಗೇ ಬಂತು. ಆ ಚುಮುಚುಮು ಬೆಳಗಿನಲ್ಲಿ ಮೈಸೂರಿನ ತಂಗಿಗೆ ಫೋನು ಮಾಡಿ ಎಬ್ಬಿಸಿ ಕೇಳಿದರು. ಯಾವುದಕ್ಕೂ ಕೂತೇ ಹೋಗಲಿ ಎಂದು ಅಲ್ಲಿಂದ ಅಪ್ಪಣೆಯಾಯಿತು.

ಗೇಟಿನ ಕಾವಲುಗಾರ ಭಯ್ಯಾನಾದರೂ ನನ್ನ ಪರ ಇರಬಹುದೆಂದುಕೊಂಡಿದ್ದೆ. ನಾನು ತಡವಾಗಿ ಇಳಿದು ಬಂದಾಗಲೆಲ್ಲ “ಆಜ್ ಫಿರ್ ಛೀಂಕ್, ಮೇಡಂಜೀ?”, ಇವತ್ತೂ ಸೀನಾ, ಎಂದು ನಗುತ್ತಿದ್ದ. ತನ್ನ ಬಿಹಾರದ ಊರಿನಲ್ಲೂ ಸೀನಿಗೆ ಎತ್ತಿನಗಾಡಿಯೇ ನಿಲ್ಲುತ್ತದೆ, ಮಾತಾಜಿ ಮಾಡುವುದೇ ಸರಿ ಎಂದುಬಿಟ್ಟ. ಆಮೇಲೆ ಯಾರ ಬೆಂಬಲವನ್ನೂ ಹುಡುಕಲು ಹೋಗಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಕೂರುವ ಹೊತ್ತು ಕೆಲವು ದಿನ ಹಿತವಾಗಿಯೇ ಇರುತ್ತಿತ್ತು. ಅತ್ತೆ ಬಿಸಿನೀರು ಕೊಟ್ಟು ಎದುರಿಗೆ ಕೂರುತ್ತಿದ್ದರು. ಅಷ್ಟು ದೂರ ಓಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೀರಿ ಎಂದು ಕೇಳುತ್ತಿದ್ದರು. ಹೊರಟ ಜಾಗಕ್ಕೇ ವಾಪಸ್ ಬರ್ತೀವಿ ಅತ್ತೆ ಎಂದರೆ, “ಹಾಗಿದ್ದ ಮೇಲೆ ಇಷ್ಟು ಅವಸರ ಯಾಕೆ?” ಎನ್ನುತ್ತಿದ್ದರು. ನಾನು ಲೋಟ ಕೆಳಗಿಟ್ಟು ಶೂ ಲೇಸು ಬಿಗಿಯುತ್ತಿದ್ದೆ.

ಜನವರಿಯಲ್ಲಿ ನಗು ಕಡಿಮೆಯಾಯಿತು. ಗುಂಪಿನ ಕೋಚ್ ಖಡಾಖಂಡಿತವಾಗಿ ಹೇಳಿದ್ದರು. ತಿಂಗಳು ಮುಗಿಯುವುದರೊಳಗೆ ಮೂವತ್ತೆರಡು ಕಿಲೋಮೀಟರನ್ನು ಒಂದೇ ಸಲಕ್ಕೆ ಓಡಿ ಮುಗಿಸದಿದ್ದರೆ ಪೂರ್ತಿ ಮ್ಯಾರಥಾನ್ ಮರೆತುಬಿಡಿ, ಅರ್ಧ ಓಟಕ್ಕೆ ಇಳಿಯಿರಿ. ಒಂದು ಭಾನುವಾರವನ್ನು ಹೊಗೆ ನುಂಗಿತು. ಇನ್ನೊಂದು ಭಾನುವಾರ ನಾನು ಸೀನಿಗೆ ಕೂತು ಎದ್ದು ಮೆಟ್ರೋ ಸ್ಟೇಷನ್ ತಲುಪುವಷ್ಟರಲ್ಲಿ ಗುಂಪು ಹೊರಟುಹೋಗಿತ್ತು. ಒಬ್ಬಳೇ ಓಡಿದೆ. ಮಂಜಿನಿಂದ ನಾಲ್ಕು ನಾಯಿಗಳು ಎದ್ದು ಬಂದವು. ಅದರಲ್ಲಿ ಒಂದಕ್ಕೆ ಯಾರೋ ಪುಣ್ಯಾತ್ಮರು ಗುಲಾಬಿ ಸ್ವೆಟರ್ ತೊಡಿಸಿದ್ದರು. ಸ್ವೆಟರ್ ಹಾಕಿದ ನಾಯಿಯೂ ಕಚ್ಚುವಂತೆಯೇ ಬರುತ್ತದೆಂದು ಕಂಡುಕೊಂಡು, ಆಟೋ ಹತ್ತಿ ಮನೆಗೆ ಬಂದೆ. ಉಳಿದದ್ದು ಒಂದೇ ಭಾನುವಾರ.

ಆ ದಿನ ಅಲಾರಂ ಹೊಡೆಯುವ ಮೊದಲೇ ಎದ್ದೆ. ಬಾಗಿಲು ತೆಗೆದೆ. ಅತ್ತೆ ಸೆರಗಿನಿಂದ ಮೂಗು ಒತ್ತಿ ಹಿಡಿದು ನಿಂತಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತು, ಭುಜ ಅಲುಗಾಡಿತು. ನಾನು ದಾಟಿಯೇ ಬಿಟ್ಟೆ ಅಂದುಕೊಳ್ಳುವಾಗ ಬಂತು. ಒಂದೇ ಒಂದು.

“ಕೂತ್ಕೊಳ್ಳೇ, ಎರಡೇ ನಿಮಿಷ.”

“ಇಲ್ಲ ಅತ್ತೆ” ಎಂದೆ. ಧ್ವನಿ ಏರಿತ್ತು. “ಇಡೀ ಚಳಿಗಾಲ ನಿಮ್ಮ ಮೂಗಿಗೋಸ್ಕರ ಕೂತಿದ್ದೀನಿ. ಇವತ್ತು ಕೂರಲ್ಲ.”

ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದುಬಿಟ್ಟೆ. ಮೇಲಿನಿಂದ ಅತ್ತೆ ಏನನ್ನೂ ಕೂಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಗುಂಪು ಸಿಕ್ಕಿತು. ಮಂಜು ಎಷ್ಟಿತ್ತೆಂದರೆ ಮೆಟ್ರೋ ಕಂಬಗಳು ಹತ್ತಿರ ಬಂದ ಮೇಲಷ್ಟೇ ಕಾಣುತ್ತಿದ್ದವು. ತಲೆಯ ಮೇಲೆ ವಿಮಾನಗಳ ಸದ್ದು ಮಾತ್ರ, ವಿಮಾನವಿಲ್ಲ. ಪಕ್ಕದಲ್ಲಿ ಓಡುತ್ತಿದ್ದವರು ಚಲೋ, ಚಲೋ ಎಂದು ಹುರಿದುಂಬಿಸುತ್ತಿದ್ದರು. ನಾನು ಅಪಶಕುನವನ್ನು ನಂಬುವವಳಲ್ಲ. ಆದರೂ ರಸ್ತೆಯಲ್ಲಿ ಗುಂಡಿ ಕಂಡರೆ ಸುತ್ತುಹಾಕಿ ಓಡುತ್ತಿದ್ದೆ. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿದರೆ ಫುಟ್‌ಪಾತಿಗೆ ಹಾರುತ್ತಿದ್ದೆ. ಅರ್ಧ ದಾರಿಯಲ್ಲಿ ಗುಂಪಿನ ಒಬ್ಬರು ಸೀನಿದಾಗ ನನಗೆ ಅರಿವಿಲ್ಲದೆ ನಿಂತುಬಿಟ್ಟಿದ್ದೆ.

ಏನೂ ಆಗಲಿಲ್ಲ. ಜಾರಲಿಲ್ಲ, ಬೀಳಲಿಲ್ಲ, ನಾಯಿ ಬರಲಿಲ್ಲ. ಮೂವತ್ತೆರಡನೆಯ ಕಿಲೋಮೀಟರ್ ಮುಗಿದಾಗ ಕೋಚ್ ಬೆನ್ನು ತಟ್ಟಿ ಪೂರ್ತಿ ಓಡಬಹುದು ಎಂದರು. ಟೀ ಅಂಗಡಿಯ ಮುಂದೆ ಎಲ್ಲರೆದುರಿಗೆ ಕುಣಿದೆ. ಮನೆಗೆ ಹೋಗಿ ಅತ್ತೆಗೆ “ನೋಡಿ, ಏನಾಯ್ತು ಈಗ?” ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಗೇಟಿನಲ್ಲಿ ಭಯ್ಯಾ ಎಂದಿನಂತೆ ನಗಲಿಲ್ಲ. “ಮೇಡಂಜೀ, ಮಾತಾಜೀ ಸುಬಹ್ ಸೇ ವಹೀಂ ಬೈಠೀ ಹೈಂ” ಎಂದು ಒಳಗೆ ಕೈ ತೋರಿಸಿದ. ಬೆಳಗಿನಿಂದ ಅಲ್ಲೇ ಕೂತಿದ್ದಾರೆ ಎಂದ.

ನಮ್ಮ ಬ್ಲಾಕಿನ ಕೆಳಗೆ ಒಂದು ಸಿಮೆಂಟಿನ ಬೆಂಚಿದೆ. ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅತ್ತೆ ಅದರ ಮೇಲೆ ಮಗನ ರಜಾಯಿ ಹೊದ್ದು ಕೂತಿದ್ದರು. ಕಾಲಿಗೆ ನನ್ನ ಗಂಡನ ಉಣ್ಣೆಯ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಮೂಗು ಕೆಂಪಗಾಗಿತ್ತು. ಪಕ್ಕದಲ್ಲಿ ನನ್ನ ಗಂಡ ಫ್ಲಾಸ್ಕ್ ಹಿಡಿದು ನಿಂತಿದ್ದರು. “ಎಷ್ಟು ಹೇಳಿದರೂ ಮೇಲಕ್ಕೆ ಬರ್ತಾ ಇಲ್ಲ” ಎಂದು ಸೋತ ಮುಖ ಮಾಡಿದರು.

“ಅತ್ತೆ, ಇದೇನಿದು?”

ಅವರು ಮೊದಲು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೊಣಕೈ, ಮಂಡಿ, ಎಲ್ಲ ಸರಿಯಿದೆಯೇ ಎಂದು ಮುಟ್ಟಿ ನೋಡಿದರು.

“ನೀನು ಕೂರಲಿಲ್ಲ. ಯಾರಾದರೂ ಕೂರಬೇಕಲ್ಲ. ನಾನು ಕೂತೆ” ಎಂದರು.

“ಇಷ್ಟು ಹೊತ್ತಾ?”

“ನೀನು ಹೋಗೋ ಮುಂಚೆ ಕೂತಿದ್ದರೆ ಎರಡು ನಿಮಿಷ ಸಾಕಿತ್ತು. ಹೋದಮೇಲೆ ಕೂತರೆ ಎಷ್ಟು ಹೊತ್ತು ಅಂತ ನನಗೆ ಗೊತ್ತಿರಲಿಲ್ಲ. ಅದಕ್ಕೆ ನೀನು ಬರೋವರೆಗೂ ಅಂದುಕೊಂಡೆ.”

ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಅವರ ಪಕ್ಕದಲ್ಲಿ ಕುಸಿದು ಕೂತೆ. ಕಾಲು ಸೆಟೆದುಕೊಂಡಿತು, ಅಳು ಬಂತು. ಅವರ ಕೈ ಹಿಡಿದುಕೊಂಡರೆ ಮಂಜುಗಡ್ಡೆಯಾಗಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿತು. ನಡುವೆ ಯಾರೂ ಕರೆಯಬಾರದೆಂದು ಬಯಸಿದವಳು ನಾನು. ಅತ್ತೆ ಕರೆದಿರಲಿಲ್ಲ. ಫೋನು ಸಹ ಮಾಡಿರಲಿಲ್ಲ.

“ಬೇಡ ಬಿಡಿ ಅತ್ತೆ” ಎಂದೆ. “ಪೂರ್ತಿ ಓಡಲ್ಲ. ಅರ್ಧ ಓಡಿ ಬಂದುಬಿಡ್ತೀನಿ.”

ಅತ್ತೆಗೆ ಸಿಟ್ಟು ಬಂತು. “ಅರ್ಧ ಯಾಕೆ? ನಾನೇನು ಅರ್ಧ ಕೂತು ಎದ್ದುಹೋದ್ನಾ?”

ನನ್ನ ಗಂಡ ನಗುವುದೋ ಬೇಡವೋ ಎಂದು ತಿಳಿಯದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಬಿಸಿ ಕಾಫಿ ಕುಡಿಯುತ್ತ ಅತ್ತೆ ಸ್ವಲ್ಪ ಹೊತ್ತು ಲೆಕ್ಕಾಚಾರ ಹಾಕಿದರು.

“ಪೂರ್ತಿ ಓಡೋಕೆ ಎಷ್ಟು ಹೊತ್ತು ಬೇಕು?”

“ಐದು ಗಂಟೆ ಆಗಬಹುದು ಅತ್ತೆ. ನೀವು ಮನೆಯೊಳಗೇ ಇರಿ, ದಮ್ಮಯ್ಯ.”

“ಒಳಗೇ ಕೂರ್ತೀನಿ, ಕುರ್ಚಿ ಮೇಲೆ. ಆದರೂ ಐದು ಗಂಟೆ ನನ್ನ ಸೊಂಟ ತಡೆಯಲ್ಲ ಕಣೇ. ನೀನೂ ಸ್ವಲ್ಪ ಬೇಗ ಓಡೋದು ನೋಡು.”

ಫೆಬ್ರವರಿಯ ಆ ಭಾನುವಾರ ಅವರು ಸೀನಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಕೂತರು. ಕೊನೆಯ ಹತ್ತು ಕಿಲೋಮೀಟರಿನಲ್ಲಿ ನನ್ನ ಸುತ್ತಲಿನವರು ಒಬ್ಬೊಬ್ಬರಾಗಿ ಓಟ ಬಿಟ್ಟು ನಡೆಯತೊಡಗಿದರು. ನನ್ನ ಕಾಲೂ ಅದನ್ನೇ ಬೇಡುತ್ತಿತ್ತು. ನಾನು ನಡೆಯುವಂತಿರಲಿಲ್ಲ. ದ್ವಾರಕಾದಲ್ಲಿ ಅತ್ತೆ ಕೂತಿದ್ದರು.