ದೀದಿಯ ಮೀನು, ನನ್ನ ರಸಬಾಳೆ

ದೀದಿಯ ಎರಡು ಮುಂಗೈಗಳಲ್ಲೂ ಶಂಖದ ಬಿಳಿ ಬಳೆ, ಅದರ ಪಕ್ಕಕ್ಕೊಂದು ಕೆಂಪು ಬಳೆ. ನೆಲದ ಮೇಲೆ ಕಾಲು ಮಡಚಿ ಕೂತು, ಮುಂದೊಂದು ಮಣೆ ಇಟ್ಟುಕೊಂಡು ಬರೆಯುವಾಗ ಬಲಗೈಯ ಬಳೆ ಮಣೆಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು. ನಂಜನಗೂಡಿನ ನಮ್ಮ ವಠಾರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಭಾನುವಾರ ಊಟ ಮುಗಿಸಿ ನಾನು ಅಡ್ಡಾಗುವ ಹೊತ್ತಿಗೆ ಆಚೆ ಕಡೆ ಆ ಸದ್ದು ಶುರುವಾದರೆ, ನಲ್ಲಿಯಲ್ಲಿ ನೀರು ಬರುವವರೆಗೂ ನಿಲ್ಲುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಬಂಗಾಳದವರು, ಯಜಮಾನರು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು ಅನ್ನುವುದು ಬಿಟ್ಟರೆ ವಠಾರಕ್ಕೆ ಅವರ ಬಗ್ಗೆ ಹೆಚ್ಚೇನೂ ತಿಳಿಯದು. ನಮ್ಮೆರಡೂ ಮನೆಯ ಕೆಲಸಕ್ಕೆ ಹೆಮ್ಮರಗಾಲದಿಂದ ಬರುತ್ತಿದ್ದ ಅಕ್ಕ ಒಂದು ದಿನ ಪಾತ್ರೆ ಉಜ್ಜುತ್ತಾ, "ಅವ್ವಾರು ದಿನಾ ಕಾಗ್ದ ಬರೀತಾರೆ ಕಣ್ಸಾ. ಪಾಪ, ತೌರ್ಮನೆ ಗ್ಯಾನ" ಅಂದಳು. ಕಾಗದವಲ್ಲ, ಕಾದಂಬರಿ. ಆಗಲೇ ಮೂರು ಕಲ್ಕತ್ತೆಯಲ್ಲಿ ಅಚ್ಚಾಗಿದ್ದವು! ನಾನೋ ಟಿ. ನರಸೀಪುರದ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಸಾಹಿತ್ಯ ಅಂದರೆ ನಾನೇ ಅಂತ ವಠಾರದಲ್ಲಿ ಮೆರೆಯುತ್ತಿದ್ದವನು. ಸುದ್ದಿ ತಿಳಿದ ದಿನ ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ದೀದಿಯ ಕನ್ನಡ ಪೂರ್ತಿ ಅಕ್ಕನಿಂದ ಕಲಿತದ್ದು. "ಓಗ್ಬತ್ತೀನಿ ಮೇಷ್ಟ್ರೇ" ಅನ್ನುತ್ತಿದ್ದರು, ಬಂಗಾಳಿ ರಾಗದಲ್ಲಿ. ಓದಲು ಬರೆಯಲು ಬರುತ್ತಿರಲಿಲ್ಲ. ನಾನು ತಿದ್ದಲು ಹೋದರೆ ನಗುತ್ತಿದ್ದರು: "ನಿಮ್ಮ ಕನ್ನಡ ಇಸ್ತ್ರಿ ಮಾಡಿದ್ ಪಂಚೆ. ನಂಗೆ ಅಕ್ಕನ್ ಕನ್ನಡಾನೇ ಸಾಕು ಕಣ್ರೀ." ಅವರು ಬರೆಯುವ ಕ್ರಮವೇ ವಿಚಿತ್ರ. ಒಂದು ಅಧ್ಯಾಯ ಮುಗಿದರೆ ಹಿತ್ತಲಿಗೆ ಹೋಗಿ ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು ಕತೆಯನ್ನು ಬಾಯಲ್ಲಿ ಹೇಳುವರು. ಕೇಳುತ್ತಾ ಕೇಳುತ್ತಾ ಅಕ್ಕನ ಕೈ ಪಾತ್ರೆ ಮೇಲೆ ನಿಂತರೆ ಅಧ್ಯಾಯ ಪಾಸು. ಕೈ ಉಜ್ಜುತ್ತಲೇ ಇದ್ದರೆ ಒಳಗೆ ಬಂದು ಆ ಹಾಳೆಗಳನ್ನು ಹರಿದುಹಾಕುವರು. ಒಂದು ಸಲ ಹನ್ನೊಂದು ಹಾಳೆ ಹರಿದದ್ದನ್ನು ನಾನೇ ಕಂಡಿದ್ದೇನೆ.

ಅವರು ನನ್ನ ಬಳಿ ಕೇಳಿದ್ದು ಎರಡೇ ಉಪಕಾರ. ಮೊದಲನೆಯದು, ನರಸೀಪುರದ ಸೇತುವೆ ಹತ್ತಿರ ಹೊಳೆಮೀನು ಮಾರುತ್ತಾರಂತೆ, ದಿನಾ ಬಸ್ಸಲ್ಲಿ ಓಡಾಡುವವರು ನೀವು, ಒಂದು ಸಲ ತಂದುಕೊಡಿ ಅಂತ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಕೈಯಲ್ಲಿ ಮೀನಿನ ಚೀಲ ಹಿಡಿದು ವಠಾರಕ್ಕೆ ಬರುವುದುಂಟೇ? "ಇವತ್ತು ಇರಲಿಲ್ಲ ದೀದಿ" ಅಂತ ಮೂರು ಸಲ ಸುಳ್ಳು ಹೇಳಿದೆ. ನಾಲ್ಕನೆಯ ಸಲ ಅವರು ಕೇಳಲಿಲ್ಲ.

ಎರಡನೆಯದು, ಆಗ ಬರೆಯುತ್ತಿದ್ದ ಕಾದಂಬರಿಯನ್ನು ಕನ್ನಡಕ್ಕೆ ತರುವುದು. "ಇಷ್ಟ್ ವರ್ಸದಿಂದ ಈ ಎಂಗಸ್ರ್ ಜೊತೆ ನಲ್ಲೀಲಿ ನೀರ್ ಇಡ್ದಿದೀನಿ. ನಾನು ಯಾರು ಅಂತ ಇವ್ರಿಗೆ ಗೊತ್ತಾಗ್ಬೇಕು, ಮೇಷ್ಟ್ರೇ" ಅಂದರು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅವರು ಬಂಗಾಳಿಯಲ್ಲಿ ಒಂದು ವಾಕ್ಯ ಓದಿ, ಅದನ್ನೇ ಅಕ್ಕನ ಕನ್ನಡದಲ್ಲಿ ಹೇಳುವರು. ನಾನು ಹಾಗೆಯೇ ರಫ್ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮನೆಗೆ ಬಂದು ತಿದ್ದಿ ತೀಡಿ ಚೊಕ್ಕ ಪ್ರತಿ ಮಾಡುವೆನು.

ಕತೆ ಒಬ್ಬ ವಿಧವೆಯದು. ಅವರ ಕಡೆ ಗಂಡ ಸತ್ತ ಹೆಂಗಸು ಮೀನು ಮುಟ್ಟುವಂತಿರಲಿಲ್ಲ. ಈಕೆ ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತುಂಬಿದ ಮನೆಗೆ ನಲವತ್ತು ವರ್ಷ ಮೀನು ಬೇಯಿಸಿ ಹಾಕುತ್ತಾಳೆ. ಕೊನೆಯ ಅಧ್ಯಾಯದಲ್ಲಿ, ಯಾರೂ ಇಲ್ಲದ ಒಂದು ಬೆಳಿಗ್ಗೆ, ಒಲೆಯ ಮುಂದೆ ನಿಂತೇ ಒಂದು ತುಂಡು ಬಾಯಿಗಿಟ್ಟುಕೊಂಡು ಗೊಳೋ ಅಂತ ಅಳುತ್ತಾಳೆ.

ನನ್ನ ಬುದ್ಧಿಗೆ ಏನು ಕೇಡು ಬಂದಿತ್ತೋ! ಮೀನು ಅಂತ ಬರೆಯುವಾಗಲೇ ನನಗೆ ಮೂಗು ಮುಚ್ಚಿಕೊಳ್ಳುವಂತಾಗುತ್ತಿತ್ತು. ಇದು ನಮ್ಮ ಜನಕ್ಕೆ ಒಗ್ಗುವುದಿಲ್ಲ, ನಮ್ಮೂರಿನ ಸೊಗಡು ಬರಲಿ ಅಂದುಕೊಂಡು, ಚೊಕ್ಕ ಪ್ರತಿಯ ಉದ್ದಕ್ಕೂ ಮೀನು ತೆಗೆದು ನಂಜನಗೂಡಿನ ರಸಬಾಳೆ ಇಟ್ಟೆ. ಅವರಿಗೆ ಹೇಳಲಿಲ್ಲ. ಓದಲು ಬಾರದವರಿಗೆ ಹೇಗೆ ತಿಳಿದೀತು ಅನ್ನುವ ಧೈರ್ಯ.

ಮೈಸೂರಿನ ಪ್ರಕಾಶಕರಿಗೆ ಕಳಿಸುವ ಮೊದಲು ಕೊನೆಯ ಅಧ್ಯಾಯವನ್ನು ವಠಾರದವರ ಮುಂದೆ ಓದಲೇಬೇಕು ಅಂತ ದೀದಿ ಹಟ ಹಿಡಿದರು. ಅದೊಂದನ್ನು ಅಕ್ಕನಿಗೂ ಹೇಳದೆ ಆ ದಿನಕ್ಕೆಂದೇ ಉಳಿಸಿಕೊಂಡಿದ್ದರು. ಜಮಖಾನ ಹಾಸಿ, ಎಲ್ಲರಿಗೂ ಟೀ ಕೊಟ್ಟು, ಹೊಸ ಸೀರೆ ಉಟ್ಟು ಕೂತರು. ತಪ್ಪಿಸಿಕೊಳ್ಳಲು ನನಗೆ ದಾರಿಯೇ ಇರಲಿಲ್ಲ. ಓದಿದೆ. ವಿಧವೆ ರಸಬಾಳೆ ಸುಲಿದು ಬಾಯಿಗಿಟ್ಟುಕೊಂಡು ಅತ್ತಳು. ಹೆಂಗಸರು ಮುಖ ಮುಖ ನೋಡಿಕೊಂಡರು. "ಬಾಳೆಅಣ್ಣು ತಿನ್ನಕ್ ಯಾನ್ರವ್ವ ಇಷ್ಟೊಂದ್ ಅಳು? ಬಾಯಲ್ ಒಂದ್ ಅಲ್ಲೂ ಇಲ್ವಾ ಅವ್ಳ್ಗೆ?" ಅಂದಳು ಒಬ್ಬಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು.

ದೀದಿ ನಗಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಕೇಳಿದರು: "ಮೀನು ಎಲ್ಲಿ, ಮೇಷ್ಟ್ರೇ?"

"ನಮ್ಮವರಿಗೆ ಒಗ್ಗಲ್ಲ ಅಂತ…" ಅಂದೆ.

"ಅವ್ಳು ನಮ್ಮವ್ವ. ನಲ್ವತ್ ವರ್ಸ ಎಲ್ರಿಗೂ ಬಡ್ಸುದ್ಲು, ಒಂದ್ ದಿನಾನೂ ತಿನ್ನಿಲ್ಲ. ಅಂಗೇ ಸತ್ತೋದ್ಲು. ಕತೇಲಾದ್ರೂ ತಿನ್ಲಿ ಅಂತ ಬರ್ದೆ. ನೀವು ಅದ್ನೂ ಕಿತ್ಕೊಂಡ್ರಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಚೊಕ್ಕ ಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಗೋಡೆಯಾಚೆ ಟಕ್ ಟಕ್ ಕೇಳಲಿಲ್ಲ. ಎದುರು ಸಿಕ್ಕಾಗ ನಗುತ್ತಿದ್ದರು, "ಊಟ ಆಯ್ತಾ" ಅನ್ನುತ್ತಿದ್ದರು. ತಪ್ಪಾಯಿತು ದೀದಿ ಅನ್ನುವ ಎರಡು ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ನಾಳೆ, ನಾಳೆ ಅಂದುಕೊಳ್ಳುತ್ತಿರುವಾಗಲೇ ಯಜಮಾನರಿಗೆ ವರ್ಗವಾಗಿ ಸಾಮಾನು ಲಾರಿ ಹತ್ತಿತು. ಆ ದಿನವೂ ಹಗ್ಗ ಬಿಗಿಯಲು ಕೈಹಾಕಿದೆನೇ ಹೊರತು ಬಾಯಿ ಬಿಡಲಿಲ್ಲ.

ಏಳೆಂಟು ವರ್ಷವಾದ ಮೇಲೆ ಯಜಮಾನರಿಂದ ಇಂಗ್ಲಿಷಿನಲ್ಲೊಂದು ಕಾರ್ಡು ಬಂತು. ದೀದಿ ಹೋಗಿಬಿಟ್ಟಿದ್ದರು. ಆ ಕಾದಂಬರಿಯಾದ ಮೇಲೆ ಇನ್ನೊಂದು ಬರೆಯಲಿಲ್ಲ ಅಂತ ಕೊನೆಯ ಸಾಲು. ಅದನ್ನು ಓದಿ ನಾನು ಅತ್ತೆ.

ಮರುದಿನ ನರಸೀಪುರದ ಸೇತುವೆ ಬಳಿ ಬಸ್ಸಿಳಿದು, ಮೀನು ಬಿಡಿಸುವುದನ್ನು ಮೂಗು ಮುಚ್ಚಿಕೊಳ್ಳದೆ ನಿಂತು ನೋಡಿದೆ. ಮನೆಗೆ ಬಂದು ಹಳೆಯ ರಫ್ ನೋಟ್‌ಬುಕ್ಕು ಹುಡುಕಿದೆ. ಕೊನೆಯ ಅಧ್ಯಾಯ ಅಲ್ಲಿತ್ತು, ಅವರು ಹೇಳಿದ ಹಾಗೆಯೇ, ಅಕ್ಕನ ಕನ್ನಡದಲ್ಲಿ. ಒಂದಕ್ಷರವನ್ನೂ ತಿದ್ದದೆ ಹಿತ್ತಲಿಗೆ ಒಯ್ದು ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತು ಓದಿದೆ. ಆಕೆಗೂ ವಯಸ್ಸಾಗಿತ್ತು, ತಲೆಯೆತ್ತದೆ ತಪ್ಪಲೆ ಉಜ್ಜುತ್ತಿದ್ದಳು. ವಿಧವೆ ಬಾಣಲೆಗೆ ಕೈಹಾಕುವಲ್ಲಿಗೆ ಅವಳ ಕೈ ನಿಂತಿತು. ನಾನು ಓದಿ ಮುಗಿಸಿದರೂ ಅಲ್ಲಾಡಲಿಲ್ಲ.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದಳು: "ಆವತ್ತೂ ಇಂಗೇ ಓದ್ಬೋದಿತ್ತಲ್ಲ ಸಾ. ಅವ್ವಾರು ಕೇಳುಸ್ಕೊಂಡು ಓಗೋರು."