ಟಿಕೆಟ್ ಕೊಂಡು ನೋಡಿದ ಜಿಂಕೆ

ರಾರಾವಿಯ ನಮ್ಮ ಹೊಲಕ್ಕೆ ಜಿಂಕೆಗಳು ಪುಕ್ಕಟೆ ಬಂದು ಜೋಳ ಮೇಯುತ್ತವೆ. ಅವನ್ನೇ ನೋಡಲು ಬಳ್ಳಾರಿಯ ಝೂನಲ್ಲಿ ಟಿಕೆಟ್ ಕೊಳ್ಳಬೇಕು.

ಸಾಯುವುದರೊಳಗೆ ಒಮ್ಮೆ ಹುಲಿ ನೋಡಬೇಕೆಂದು ಅಕ್ಕನ ಹಟ. ಕರೆದೊಯ್ದೆ. ಹುಲಿಗಿಂತ ಮೊದಲು ಜಿಂಕೆಗಳು ಸಿಕ್ಕವು. ಕಂಡದ್ದೇ ತಡ, ಅಕ್ಕ ಹೊಲದ ರೂಢಿಯಂತೆ ಸೆರಗು ಬೀಸಿ "ಹೋ! ಹಾ!" ಎಂದು ಕೂಗಿದಳು. ಇಡೀ ಹಿಂಡು ಆಚೆ ಮೂಲೆ ಸೇರಿತು. ಫೋಟೋ ತೆಗೆಯುತ್ತಿದ್ದವರು ನಮ್ಮತ್ತ ತಿರುಗಿದರು. ಅವರ ಟಿಕೆಟ್ಟಿಗೆ ಅಷ್ಟಾದರೂ ದಕ್ಕಿತು.

ಕಾವಲುಗಾರ ಓಡಿಬಂದ.

"ಯಮ್ಮಾ, ಹೊರಗ ನಡೀರಿ! ಹುಲಿನೂ ಹಿಂಗ ಓಡಸ್ತೀರೇನು?"

"ಅದನ್ಯಾಕ ಓಡಸಲಪ್ಪಾ? ಅದೇನು ನಮ್ಮ ಜ್ವಾಳ ತಿಂದೈತೇನು?"

ಅವನಿಗೂ ಎಲ್ಲೋ ಹೊಲವಿದ್ದಿರಬೇಕು, ನಕ್ಕು ಬಿಟ್ಟುಬಿಟ್ಟ.

ಹುಲಿ ಕಾಲು ಚಾಚಿ ಮಲಗಿತ್ತು. ಅಕ್ಕ ಬಹಳ ಹೊತ್ತು ನೋಡಿದಳು.

"ಎಷ್ಟ್ ಸಂಭಾವಿತ ಐತಿ ನೋಡಲೇ," ಎಂದಳು.

ನಡುವಿನ ಜಾಲರಿ ಗಟ್ಟಿಯಾಗಿತ್ತು. ನಾನೂ ಒಪ್ಪಿದೆ.