ತಮ್ಮ ಹೇಳಿದ ರೇಟು

ಅಕ್ಕ ಮರ ಕೊಯ್ಯುವ ಕೆಲಸಕ್ಕೆ ರೇಟು ಹೇಳುವಾಗ ಮರವನ್ನು ನೋಡುವುದು ಕೊನೆಗೆ. ಮೊದಲು ನೋಡುವುದು ನೆಲವನ್ನು. ಕೊಂಬೆಯ ಕೆಳಗೆ ಶೀಟಿನ ಚಾವಣಿ ಇದೆಯೋ, ಪಕ್ಕದ ಮನೆಯವರ ಕಾಂಪೌಂಡ್ ಇದೆಯೋ, ಕೊಯ್ದದ್ದನ್ನು ಯಾವ ದಾರಿಯಲ್ಲಿ ಹೊರಗೆ ಎಳೆಯಬೇಕು, ಗಾಡಿ ಎಲ್ಲಿ ನಿಲ್ಲಬೇಕು. ಬಯಲಲ್ಲಿ ಒಂಟಿಯಾಗಿ ನಿಂತ ಹೆಮ್ಮರಕ್ಕೆ ಅವಳು ಕಡಿಮೆ ಹೇಳುತ್ತಾಳೆ, ಗಾಜಿನ ಕಿಟಕಿಗೆ ಒರಗಿಕೊಂಡ ಚೋಟುದ್ದದ ಮರಕ್ಕೆ ಜಾಸ್ತಿ. ಗಿರಾಕಿಗಳು ಮೊದಲು ಕಕ್ಕಾಬಿಕ್ಕಿಯಾಗುತ್ತಾರೆ, ಆಮೇಲೆ ಚೌಕಾಸಿ ಮಾಡುತ್ತಾರೆ, ಕೊನೆಗೆ ತೆಪ್ಪಗೆ ಒಪ್ಪುತ್ತಾರೆ.

ಅವಳ ಗಾಡಿ ಓಡಿಸುವವನು ಸ್ವಂತ ತಮ್ಮ. ಅವನನ್ನು ಎಲ್ಲರೂ ಕರೆಯುವುದು ಹಾರನ್ ಎಂದು. ಎದುರಿಗೆ ನಾಯಿಮರಿ ಬರಲಿ, ನೀರಿನ ಟ್ಯಾಂಕರ್ ಬರಲಿ, ಅವನ ಹೆಬ್ಬೆರಳು ಸುಮ್ಮನಿರುವುದಿಲ್ಲ. ತಿಂಗಳ ಸಂಬಳದ ಕೆಲಸ. ಸಂಬಳ ಕೊಡುವಾಗ ಅಕ್ಕ ಯಜಮಾನಿ, ಮುಂಗಡ ಕೇಳುವಾಗ ಮಾತ್ರ ಒಡಹುಟ್ಟಿದ ಅಕ್ಕ. ಈ ವ್ಯವಹಾರಕ್ಕೆ ಇದುವರೆಗೆ ಅವನು ನೀಡಿದ ಕೊಡುಗೆಯೆಂದರೆ ನಜ್ಜುಗುಜ್ಜಾದ ಒಂದು ಬಂಪರ್, ಯಾರದೋ ಗೇಟಿನ ಕಂಬ, ಮತ್ತು ಧಾರಾಳ ಸಲಹೆ. ಮರ ಹತ್ತುವುದಿರಲಿ, ಕುರ್ಚಿಯ ಮೇಲೆ ನಿಂತು ಬಲ್ಬ್ ಬದಲಿಸಲೂ ಅವನು ಅಕ್ಕನನ್ನೇ ಕರೆಯುತ್ತಾನೆ.

ಅಕ್ಕನೂ ಹುಟ್ಟುತ್ತಲೇ ಮರ ಹತ್ತಿದವಳಲ್ಲ. ಚಿಕ್ಕವಯಸ್ಸಿನಲ್ಲಿ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದಳು. ಹಗ್ಗಕ್ಕೆ ತೂಗುಬಿಟ್ಟ ಹಲಗೆಯ ಮೇಲೆ ಇವಳು, ತಾರಸಿಯ ಮೇಲೆ ಹಗ್ಗ ಕಾಯುತ್ತ, ಮುಂದೆ ಹಾರನ್‌ಗೆ ಭಾವನಾದವನು. "ಇಷ್ಟು ದಿನ ಕೈ ಬಿಡದೇ ಇದ್ದೋನು ಇನ್ನೇನು ಬಿಡ್ತಾನೆ" ಎಂದು ಅವನನ್ನೇ ಮದುವೆಯಾದಳು. ಒಂದು ದಿನ ಗೋಡೆಗೆ ಅಡ್ಡ ಬಂದ ಕೊಂಬೆಯೊಂದನ್ನು ಕಟ್ಟಡದವರ ಕೋರಿಕೆಯಂತೆ ಹಲಗೆಯಿಂದಲೇ ಕೊಯ್ದಿಳಿಸಿದಳು. ಗೋಡೆಗಿಂತ ಕೊಂಬೆಗೇ ಹೆಚ್ಚು ಕೂಲಿ ಸಿಕ್ಕಿತು. ಆಮೇಲೆ ಬ್ರಷ್ ಮುಟ್ಟಲಿಲ್ಲ. ಮರ ಕೊಯ್ಯುವ ಹಳಬನೊಬ್ಬನ ಬೆನ್ನುಬಿದ್ದು, ಎಲ್ಲಿ ಕೊಯ್ದರೆ ಮರದ ಗಾಯ ಮಾಯುತ್ತದೆ, ಎಲ್ಲಿ ಕೊಯ್ದರೆ ಒಳಗೊಳಗೇ ಕೊಳೆಯುತ್ತದೆ ಎಂಬುದನ್ನು ಅವನಿಂದ ಬೈಸಿಕೊಂಡು ಕಲಿತಳು. ಈಗಲೂ ಅವಳು ಮೇಲೆ, ಭಾವ ಕೆಳಗೆ. ಹಗ್ಗ ಮಾತ್ರ ಹೊಸದು.

ಹಳೆಯ ಪಿಕಪ್ ಗಾಡಿ ಏರು ಕಂಡರೆ ಕೆಮ್ಮಲು ಶುರು ಮಾಡಿದ ಮೇಲೆ ಮನೆಯಲ್ಲಿ ಹೊಸ ಗಾಡಿಯ ಮಾತು ಎದ್ದಿತು. ಹಾರನ್ ಆಗಲೇ ಷೋರೂಮಿಗೆ ಹೋಗಿ ಬಂದಿದ್ದ. ಅವನ ಕಣ್ಣು ಬಿದ್ದದ್ದು ಲಿಫ್ಟ್ ಲಾರಿಯ ಮೇಲೆ. ಉದ್ದನೆಯ ಕಬ್ಬಿಣದ ತೋಳು, ಅದರ ತುದಿಗೆ ಮನುಷ್ಯರು ನಿಲ್ಲುವ ಬುಟ್ಟಿ.

"ನೀನು ಇನ್ನು ಹತ್ತೋದೇ ಬೇಡ ಅಕ್ಕ. ಬುಟ್ಟೀಲಿ ನಿಂತ್ಕೊ, ನಾನು ಗುಂಡಿ ಒತ್ತಿದ್ರೆ ಸಾಕು."

ಭಾವ ತಟ್ಟೆಯಿಂದ ತಲೆಯೆತ್ತದೆ ಹೇಳಿದ, "ನೀನು ಒತ್ತೋ ಗುಂಡಿ ಯಾವ್ದು ಅಂತ ಗೊತ್ತಲ್ಲ. ಇಡೀ ಬೀದಿ ಎದ್ದು ಕೂರತ್ತೆ."

ಗಾಡಿಯ ಆಸೆ ಇದ್ದದ್ದು ನಿಜ. ಆದರೆ ಹಾರನ್ ಬಾಯಿಬಿಡದ ಕಾರಣ ಇನ್ನೊಂದಿತ್ತು. ಹಿಂದಿನ ತಿಂಗಳು ಪಾಚಿ ಕಟ್ಟಿದ ಮರವೊಂದರಲ್ಲಿ ಅಕ್ಕನ ಕಾಲು ಜಾರಿ, ಅವಳು ಮರಕ್ಕೆ ಬಿಗಿದಿದ್ದ ಬೆಲ್ಟಿಗೆ ನೇತಾಡಿದ್ದನ್ನು ಅವನು ನೋಡಿದ್ದ. ಅವಳು ಏನೂ ಆಗದವಳಂತೆ ಗರಗಸ ಎತ್ತಿಕೊಂಡಿದ್ದಳು. ಅಕ್ಕ ಮರ ಬಿಟ್ಟು ಕೆಳಗಿಳಿಯಬೇಕು, ಅಷ್ಟೇ ಅವನಿಗೆ ಬೇಕಾದದ್ದು.

ಅಕ್ಕ ಕೈ ತೊಳೆದು ಬಂದು ಹೇಳಿದಳು, "ಸರಿ. ಒಂದು ಕೆಲಸಕ್ಕೆ ನೀನೇ ಹೋಗಿ ರೇಟು ಹೇಳಿ ಬಾ. ಆ ಲಾರಿ ಒಂದಿನ ಬಾಡಿಗೆಗೆ ತಗೊಂಡು ಮಾಡಿ ತೋರಿಸು. ಆಯ್ತು ಅಂದ್ರೆ ಅದನ್ನೇ ಕೊಳ್ಳೋಣ. ನಾನು ಹತ್ತೋದು ನಿಲ್ಲಿಸ್ತೀನಿ."

ಕೆಲಸ ಸಿಕ್ಕಿದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಹಿಂದಿನ ಅಂಗಳದ ಮರ ಪ್ರೆಸ್ಸಿನ ಶೀಟಿನ ಮೇಲೆ ಬಾಗಿ ನಿಂತಿತ್ತು. ಭಾರದ ಕೊಂಬೆಗಳನ್ನು ಇಳಿಸಿ ಮರವನ್ನು ಹಗುರ ಮಾಡಬೇಕಿತ್ತು. ಹಾರನ್ ಟೇಪು ಹಿಡಿದು ಗೇಟಿನ ಅಗಲ ಅಳೆದ, ಕಮಾನಿನ ಎತ್ತರ ಅಳೆದ, ಗಾಡಿ ತಿರುಗುವ ಜಾಗ ಅಳೆದ. ಅಂಗಳದ ತುಂಬ ಹರಡಿದ್ದ ರದ್ದಿ ಕಾಗದದ ಮೂಟೆಗಳನ್ನು ಕೆಲಸದ ದಿನ ಸರಿಸಿಕೊಡಿ ಎಂದ. ಅರ್ಧ ದಿನದ ಕೆಲಸ ಎಂದು ಲೆಕ್ಕ ಹಾಕಿ, ಅರ್ಧ ದಿನದ ರೇಟು ಹೇಳಿದ.

"ಅಕ್ಕನವರು ಬಂದು ನೋಡಲ್ವಾ?" ಪ್ರೆಸ್ಸಿನ ಯಜಮಾನರು ಕೇಳಿದರು.

"ನಾನು ನೋಡಿದ್ರೆ ಅವರು ನೋಡಿದ ಹಾಗೇ ಸರ್" ಎಂದ ಹಾರನ್. ಆ ಮಾತು ಬಾಯಿಂದ ಹೊರಬಿದ್ದಾಗ ಅವನಿಗೇ ತುಸು ಹೆಚ್ಚಾಯಿತು ಅನ್ನಿಸಿತ್ತು.

ಕೆಲಸದ ದಿನ ಲಿಫ್ಟ್ ಲಾರಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಕಮಾನು ದಾಟಿ ಒಳಗೆ ಬಂತು. ಹಾರನ್ ಒಂದು ಸುತ್ತು ಬಂದು, ಇಲ್ಲದ ಮೀಸೆ ತಿರುವಿದ. ಇಂಥ ಗಾಡಿ ತೋಳು ಚಾಚುವ ಮುನ್ನ ಪಕ್ಕಕ್ಕೆ ನಾಲ್ಕು ಕಬ್ಬಿಣದ ಕಾಲು ಊರಬೇಕು. ಮೊದಲ ಕಾಲು ನೆಲ ಮುಟ್ಟಿತು. ಡಬ್ ಎಂದಿತು ನೆಲ. ಖಾಲಿ ಡ್ರಮ್ಮಿನ ಸದ್ದು.

ಹಾರನ್ ತಟ್ಟನೆ ಕಾಲು ಮೇಲೆತ್ತಿದ. ಕೆಳಗಿಳಿದು, ಮೂಟೆ ಸರಿಸಿದ ಜಾಗದಲ್ಲಿ ಧೂಳು ಒರೆಸಿದರೆ ಕಬ್ಬಿಣದ ಮುಚ್ಚಳ. "ಓ, ಅದು ಸಂಪು" ಎಂದರು ಯಜಮಾನರು ಆರಾಮವಾಗಿ. "ಈ ಗೋಡೆಯಿಂದ ಆ ಗೋಡೆವರೆಗೂ ಇದೆ."

ಅಂಗಳವೆಂದು ಅವನು ಅಳೆದದ್ದೆಲ್ಲ ನೀರಿನ ತೊಟ್ಟಿಯ ಮುಚ್ಚಿಗೆ, ಲಾರಿ ಕಾಲೂರಿದರೆ ಕುಸಿಯುವಂಥದು. ಅಕ್ಕನಾಗಿದ್ದರೆ ಮೊದಲು ಮೂಟೆ ಸರಿಸಿ ನೆಲ ನೋಡುತ್ತಿದ್ದಳು.

"ಏನೋ, ಗಾಡಿಗೆ ಸ್ನಾನ ಮಾಡ್ಸೋಣ ಅಂತ ತಂದ್ಯಾ?" ಎಂದ ಅಕ್ಕನ ಜೊತೆ ಬಂದು ನಿಂತಿದ್ದ ಭಾವ.

ಹಾರನ್ ಲಾರಿಯನ್ನು ಉಸಿರು ಬಿಗಿಹಿಡಿದು ರಸ್ತೆಗೆ ತಂದು ನಿಲ್ಲಿಸಿದ. ಅಲ್ಲಿಂದ ಬುಟ್ಟಿ ಮರಕ್ಕೆ ಎಟುಕುವುದಿಲ್ಲ. "ಅಕ್ಕ, ಯಜಮಾನರ ಹತ್ರ ರೇಟು ಮತ್ತೆ ಮಾತಾಡ್ಲಾ?" ಎಂದ, ಮುಖ ಹಿಡಿಯಷ್ಟು ಮಾಡಿಕೊಂಡು.

ಅಕ್ಕ ಆಗಲೇ ಸೊಂಟಕ್ಕೆ ಬೆಲ್ಟ್ ಬಿಗಿಯುತ್ತಿದ್ದಳು. "ನಿಲ್ಲಿಸಿದ್ಯಲ್ಲ, ಅದು ಸರಿ ಮಾಡ್ದೆ. ಹೋಗು, ಹಳೇ ಗಾಡಿ ತಗೊಂಡು ಬಾ."

ಅವಳು ಮೇಲೇರಿದಳು. ಕೊಂಬೆಗೆ ಹಗ್ಗ ಬಿಗಿದು, ಆ ಹಗ್ಗವನ್ನು ಮೇಲಿನ ಕವಲಿನ ಮೂಲಕ ಭಾವನಿಗೆ ಇಳಿಬಿಟ್ಟು, ಆಮೇಲೆ ಗರಗಸ ಇಟ್ಟಳು. ಕೊಯ್ದ ತುಂಡು ಬೀಳಲಿಲ್ಲ. ಗಾಳಿಯಲ್ಲಿ ಒಮ್ಮೆ ತೂಗಿ, ಭಾವ ಹಗ್ಗ ಸಡಿಲಿಸಿದಂತೆಲ್ಲ ಶೀಟನ್ನು ತಪ್ಪಿಸಿಕೊಂಡು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನೆಲ ಸೇರಿತು. ಒಳಗೆ ಮೆಷಿನ್ನಿನ ಸದ್ದು ನಿಂತಿತು. ಕೈತುಂಬ ಮಸಿ ಮೆತ್ತಿಕೊಂಡ ಕೆಲಸಗಾರರು ಹೊರಗೆ ಬಂದು ಕತ್ತು ಎತ್ತಿ ನಿಂತರು. "ಯಾರಪ್ಪಾ ಅದು ಮೇಲೆ?" ಎಂದು ಒಬ್ಬ ಕೇಳಿದಾಗ, ಹಳೇ ಗಾಡಿ ತಂದು ನಿಲ್ಲಿಸಿದ್ದ ಹಾರನ್ ಬೆನ್ನು ತಿರುಗಿಸಿ ಕೊಂಬೆ ಎಳೆಯತೊಡಗಿದ. ಹೇಳಿಕೊಳ್ಳಲು ಅವತ್ತು ಅವನಿಗೆ ಮುಖವಿರಲಿಲ್ಲ.

ಸಾಗಿಸುವುದರಲ್ಲಿಯೂ ಅವನ ಲೆಕ್ಕ ಕೆಟ್ಟಿತ್ತು. ತೂಕ ನೋಡಿ ಒಂದೇ ಲೋಡು ಎಂದುಕೊಂಡಿದ್ದ. ಸೊಪ್ಪುಕೊಂಬೆಗೆ ತೂಕವೆಲ್ಲಿಯದು? ಎರಡು ಕೊಂಬೆ ಹಾಕುವಷ್ಟರಲ್ಲಿ ಗಾಡಿ ತುಂಬಿ, ಮುಕ್ಕಾಲು ಪಾಲು ಗಾಳಿಯನ್ನೇ ಹೊತ್ತುಕೊಂಡು ಕೆಮ್ಮುತ್ತ ಓಡಾಡಿತು. ಕೆಲಸ ಮುಗಿದಾಗ ಮರುದಿನದ ಸಂಜೆ. ಶೀಟಿನ ಮೇಲೆ ಒಂದು ಗೀರಿಲ್ಲ. ಮರ ಕ್ಷೌರ ಮಾಡಿಸಿಕೊಂಡವರ ಹಾಗೆ ಹಗುರವಾಗಿ ನಿಂತಿತ್ತು.

ಯಜಮಾನರು ತಾವಾಗಿಯೇ ಹೆಚ್ಚಿಗೆ ಕೊಡಲು ಬಂದರು. ಅಕ್ಕ ಬೇಡವೆಂದಳು. "ರೇಟು ನನ್ನ ತಮ್ಮ ಹೇಳಿದ್ದಾನೆ. ಅಷ್ಟೇ ಕೊಡಿ ಸಾಕು."

ದಾರಿಯಲ್ಲಿ ಹಾರನ್ ತಡೆಯಲಾರದೆ ಕೇಳಿದ, "ಯಾಕಕ್ಕ ಬೇಡ ಅಂದೆ? ತಪ್ಪು ನಂದಲ್ವಾ? ನನ್ನ ಸಂಬಳದಲ್ಲಿ ಹಿಡ್ಕೊ."

"ನಾಳೆ ನೀನು ಇನ್ನೊಂದು ಮನೆಗೆ ಹೋಗಿ ರೇಟು ಹೇಳಬೇಕಲ್ಲ. ನಿನ್ನ ಮಾತು ನಾನೇ ಮುರಿದ್ರೆ ಯಾರು ನಂಬ್ತಾರೆ?"

ನಾಳೆಯೂ ತಾನೇ ಹೇಳಬೇಕೇ? ಹಾರನ್ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ. ಇಷ್ಟು ದಿನ ತಡೆದಿಟ್ಟಿದ್ದ ಮಾತೂ ಹೊರಬಂತು. "ಆವತ್ತು ನಿನ್ನ ಕಾಲು ಜಾರಿದ್ದು ನಾನು ನೋಡ್ದೆ ಅಕ್ಕ. ಅದಕ್ಕೇ ಆ ಲಾರಿ, ಲಾರಿ ಅಂತ..."

ಅಕ್ಕ ಪಕ್ಕದಲ್ಲಿದ್ದ ಬೆಲ್ಟನ್ನು ಮಡಿಲಿಗೆ ಎಳೆದುಕೊಂಡಳು. "ನಂಗೂ ಹೆದರಿಕೆ ಆಯ್ತು ಕಣೋ" ಎಂದಳು. "ಹೆದರಿಕೆ ಇರೋದಕ್ಕೇ ಬೆಲ್ಟ್ ಹಾಕ್ಕೊಳ್ಳೋದು. ಇನ್ಮೇಲೆ ರಸ್ತೆ ಬದಿ ಮರಕ್ಕೆಲ್ಲ ಲಿಫ್ಟ್ ಬಾಡಿಗೆಗೆ ತರೋಣ, ರೇಟಲ್ಲಿ ಸೇರಿಸಿ ಹೇಳು. ಬುಟ್ಟೀಲೇ ನಿಲ್ತೀನಿ. ಮರಕ್ಕೆ ಪಾಚಿ ಕಟ್ಟಿದ್ರೆ ಅದು ಒಣಗೋವರೆಗೂ ಕಾಯ್ತೀನಿ. ಆದ್ರೆ ಗಾಡಿ ಹೋಗದ ಅಂಗಳಕ್ಕೆ ನಾನೇ ಹೋಗಬೇಕು. ಅದು ನನ್ನ ಕೆಲಸ."

"ಅವಳು ಹೂಂ ಅಂದಿದ್ದೇ ದೊಡ್ಡದು, ಒಪ್ಕೊಂಡ್ಬಿಡು" ಎಂದ ಭಾವ, ಹಗ್ಗ ಸುರುಳಿ ಸುತ್ತುತ್ತ. ಹಾರನ್ ಒಪ್ಪಿಕೊಂಡ.

ವಾರದೊಳಗೆ ಮೂವರೂ ಗಾಡಿ ಕೊಳ್ಳಲು ಹೋದರು. ಹಾರನ್ ಈ ಸಲ ಲಿಫ್ಟ್ ಲಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಕಿರಿದಾದ, ಮೈ ಉದ್ದವಿರುವ ಸಣ್ಣ ಟಿಪ್ಪರೊಂದನ್ನು ಸುತ್ತುಹಾಕಿ, ಪಕ್ಕದ ಹಲಗೆಗಳನ್ನು ಆಳೆತ್ತರಕ್ಕೆ ಏರಿಸಿಕೊಡಬೇಕೆಂದು ಹಟ ಹಿಡಿದ. ಕನ್ನಡಿ ಮಡಿಚಿದಾಗ ಎಷ್ಟು ಅಗಲ, ಲೋಡಿಲ್ಲದಾಗ ಎಷ್ಟು ಭಾರ ಎಂದೆಲ್ಲ ಕೇಳಿ ಮಾರುವವನ ತಲೆ ತಿಂದ.

ಮಾರುವವನು ಹಾರನ್‌ನನ್ನು ಬಿಟ್ಟು ಭಾವನ ಕಡೆ ತಿರುಗಿದ. "ಸರ್, ಯಜಮಾನರು ನೀವೇ ಅಲ್ವಾ? ಮರ ಹತ್ತೋರೂ ನೀವೇನಾ?"

ಭಾವ ಬಾಯಿ ತೆರೆಯುವ ಮೊದಲೇ ಹಾರನ್ ಮುಂದೆ ಬಂದ. ಅಂಗಡಿಯ ಆ ತುದಿಯಲ್ಲಿ ಟಿಪ್ಪರಿನ ಹಿಂಬಾಗಿಲ ಕೊಂಡಿಯನ್ನು ತೆಗೆದು ಹಾಕಿ ಪರೀಕ್ಷಿಸುತ್ತಿದ್ದವಳನ್ನು ತೋರಿಸಿದ.

"ಅಲ್ಲಿದ್ದಾರಲ್ಲ, ಅವರು" ಎಂದ, ಬಂದ ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಯಜಮಾನರೂ ಅವರೇ, ಹತ್ತೋರೂ ಅವರೇ. ನಮ್ಮಕ್ಕ."